ಜೋಳ, ಮೆಕ್ಕೆಜೋಳ ಮತ್ತು ಹುಚ್ಚಾಸ್ಪತ್ರೆ

ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವವರಿಗೆ ಪೆಲಾಗ್ರ ಬಲು ಸುಲಭದ ಪಾಠ. ಹಲಗೆಯ ಮೇಲೆ ನಾಲ್ಕು ‘ಡಿ’ ಬರೆದರೆ ಮುಗಿಯಿತು: ಡರ್ಮಟೈಟಿಸ್, ಡಯೇರಿಯಾ, ಡಿಮೆನ್ಶಿಯಾ, ಡೆತ್. ಬಿಸಿಲು ಬೀಳುವ ಕಡೆಯೆಲ್ಲ ಚರ್ಮ ಕಪ್ಪಾಗಿ ಸುಲಿಯುತ್ತದೆ, ಭೇದಿ ಹತ್ತುತ್ತದೆ, ಬುದ್ಧಿ ಕೆಡುತ್ತದೆ, ಆಮೇಲೆ ಸಾವು. ಕಾರಣ, ನಯಾಸಿನ್ ಎಂಬ ಬಿ3 ವಿಟಮಿನ್ನಿನ ಕೊರತೆ. ಹುಡುಗರು ಬಾಯಿಪಾಠ ಮಾಡಿ ಎರಡು ಅಂಕ ಗಿಟ್ಟಿಸಿ ಮರೆಯುತ್ತಾರೆ. ನಿವೃತ್ತಿಯಾಗುವವರೆಗೂ ನಾನು ಹಾಗೆಯೇ ಕಲಿಸಿದೆ. ಆದರೆ ಕಲಬುರಗಿ ಸೀಮೆಯಲ್ಲಿ ಬಿಳಿಜೋಳದ ರೊಟ್ಟಿ ತಿಂದು ಬೆಳೆದವನು ನಾನು. ನಮ್ಮ ಜೋಳದ ಹೆಸರೂ ಈ ರೋಗದ ಚರಿತ್ರೆಯೊಳಗೆ ಸೇರಿಕೊಂಡದ್ದು ಹೇಗೆಂಬ ಕುತೂಹಲ ಮಾತ್ರ ಬಿಡಲಿಲ್ಲ.

ಕಥೆ ಶುರುವಾಗುವುದು ಮೆಕ್ಕೆಜೋಳದಿಂದ. ಮೆಕ್ಸಿಕೊದ ಜನ ಸಾವಿರಾರು ವರ್ಷ ಅದನ್ನೇ ಉಂಡರೂ ಈ ರೋಗ ಅವರನ್ನು ಕಾಡಲಿಲ್ಲ. ಕಾಳನ್ನು ಸುಣ್ಣದ ನೀರಲ್ಲಿ ಬೇಯಿಸಿ, ತೊಳೆದು, ಆಮೇಲೆ ಅರೆದು ರೊಟ್ಟಿ ತಟ್ಟುತ್ತಿದ್ದರು. ಮೆಕ್ಕೆಜೋಳದ ನಯಾಸಿನ್ ಬಿಗಿಯಾಗಿ ಕಟ್ಟಿಕೊಂಡಿರುತ್ತದೆ. ಸುಣ್ಣ ಆ ಕಟ್ಟು ಬಿಡಿಸಿ ಅದನ್ನು ಮೈಗೆ ದಕ್ಕಿಸುತ್ತದೆ. ಸಮುದ್ರ ದಾಟಿಸಿದ ಯುರೋಪಿನವರು ಕಾಳು ತಂದರು, ಸುಣ್ಣ ತರಲಿಲ್ಲ. 1735ರಲ್ಲಿ ಸ್ಪೇನಿನ ಆಸ್ಟೂರಿಯಸ್ ಸೀಮೆಯ ವೈದ್ಯ ಗಾಸ್ಪಾರ್ ಕಸಾಲ್ ಬಡ ರೈತರ ಕೊರಳು, ಕೈಗಳ ಮೇಲೆ ಕೆಂಪು ಹುರುಪಳೆಯನ್ನು ಕಂಡು ಬರೆದಿಟ್ಟ. 1771ರಲ್ಲಿ ಮಿಲಾನಿನ ಫ್ರಾಪೊಲ್ಲಿ ಅದಕ್ಕೆ ಪೆಲಾಗ್ರ ಎಂದು ಹೆಸರಿಟ್ಟ. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರ ಇಟಲಿಯ ಹುಚ್ಚಾಸ್ಪತ್ರೆಗಳಿಗೆ ಮೆಕ್ಕೆಜೋಳದ ಅಂಬಲಿಯೊಂದನ್ನೇ ಉಂಡು ಬದುಕುತ್ತಿದ್ದ ಕೂಲಿಕಾರರು ತಂಡೋಪತಂಡವಾಗಿ ಬಂದು ಸೇರಿದರು. ಕೊಳೆತ ಕಾಳಿನ ವಿಷವೇ ಕಾರಣ ಎಂದ ಲೊಂಬ್ರೊಸೊ. ದೊಡ್ಡ ಹೆಸರಿನ ವಿದ್ವಾಂಸ. ಹಾಗಾಗಿ ತಪ್ಪು ಬಹುಕಾಲ ಬಾಳಿತು.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಈ ಪಿಡುಗು ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಎದ್ದಿತು. ಅಲ್ಲಿಯೂ ಅದು ಮೊದಲು ಕಣ್ಣಿಗೆ ಬಿದ್ದದ್ದು ಹುಚ್ಚಾಸ್ಪತ್ರೆಗಳಲ್ಲಿ. ಅಲಬಾಮದಲ್ಲಿ ಜಾರ್ಜ್ ಸಿಯರ್ಸಿ, ದಕ್ಷಿಣ ಕೆರೊಲಿನದಲ್ಲಿ ಜೇಮ್ಸ್ ಬ್ಯಾಬ್‌ಕಾಕ್ ತಮ್ಮ ರೋಗಿಗಳ ಮೈಮೇಲೆ ಅದನ್ನು ಗುರುತಿಸಿದರು. ಇದು ಅಂಟುರೋಗವೇ ಇರಬೇಕು ಎಂಬುದು ಬಹುಜನರ ನಂಬಿಕೆ. ಪೆಲಾಗ್ರ ಬಂದವರನ್ನು ಕುಷ್ಠರೋಗಿಗಳಂತೆ ದೂರ ಇಟ್ಟರು.

1914ರಲ್ಲಿ ಸರ್ಕಾರ ಈ ರೋಗದ ಮೂಲ ಹುಡುಕುವ ಕೆಲಸವನ್ನು ಜೋಸೆಫ್ ಗೋಲ್ಡ್‌ಬರ್ಗರ್‌ಗೆ ಒಪ್ಪಿಸಿತು. ಹಂಗೇರಿಯಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಬೆಳೆದ ಯಹೂದಿ ವೈದ್ಯ. ಈತ ಸೂಕ್ಷ್ಮದರ್ಶಕ ಹಿಡಿದು ಕೂರಲಿಲ್ಲ. ಹುಚ್ಚಾಸ್ಪತ್ರೆ, ಅನಾಥಾಲಯಗಳನ್ನು ಸುತ್ತಿದ. ಒಂದು ಸಂಗತಿ ಕಣ್ಣಿಗೆ ಹೊಡೆಯಿತು: ಒಳಗಿದ್ದವರಿಗೆ ರೋಗ ಇದೆ, ಹಗಲಿರುಳು ಅವರ ಜೊತೆಗಿರುವ ದಾದಿಯರಿಗೆ, ಕಾವಲುಗಾರರಿಗೆ ಇಲ್ಲ. ಅಂಟುರೋಗಕ್ಕೆ ಇಂಥ ಮರ್ಯಾದೆ ಎಲ್ಲಿಂದ ಬಂತು? ಉಳಿದದ್ದು ತಟ್ಟೆಯೊಂದೇ. ಸಿಬ್ಬಂದಿಗೆ ಹಾಲು, ಮೊಟ್ಟೆ, ಮಾಂಸ ಸಿಗುತ್ತಿತ್ತು. ರೋಗಿಗಳಿಗೆ ಮೆಕ್ಕೆಜೋಳದ ಹಿಟ್ಟು, ಕಾಕಂಬಿ, ಒಂದಿಷ್ಟು ಹಂದಿಕೊಬ್ಬು. ಮಿಸಿಸಿಪಿಯ ಜಾಕ್ಸನ್ ಊರಿನ ಅನಾಥಾಲಯದ ಮಕ್ಕಳಿಗೂ, ಜಾರ್ಜಿಯ ರಾಜ್ಯದ ಮಿಲೆಜ್‌ವಿಲ್ ಹುಚ್ಚಾಸ್ಪತ್ರೆಯ ರೋಗಿಗಳಿಗೂ ಹಾಲು, ಮೊಟ್ಟೆ, ಕಾಳು ಕೊಡಿಸಿದ. ರೋಗ ಹಿಮ್ಮೆಟ್ಟಿತು.

ಅಷ್ಟಾದರೂ ನಂಬುವವರಿಲ್ಲ. 1915ರಲ್ಲಿ ಮಿಸಿಸಿಪಿಯ ರ‍್ಯಾಂಕಿನ್ ಜೈಲು ತೋಟದಲ್ಲಿ ಕೈದಿಗಳಿಗೆ, ಬಿಡುಗಡೆಯ ಭರವಸೆಯ ಮೇಲೆ, ಆ ಬಡವರ ಊಟವನ್ನೇ ತಿಂಗಳುಗಟ್ಟಲೆ ಉಣಿಸಿದ. ಕೊನೆವರೆಗೆ ಉಳಿದ 11 ಮಂದಿಯಲ್ಲಿ ಆರು ಮಂದಿಗೆ ಪೆಲಾಗ್ರ ಬಂತು. ಈ ಪ್ರಯೋಗ ಇವತ್ತಿನ ಯಾವ ನೈತಿಕ ಸಮಿತಿಯ ಮುಂದೆಯೂ ನಿಲ್ಲದು, ಮತ್ತು ನಿಲ್ಲಬಾರದು. ಆದರೆ ಮರುವರ್ಷ ಆತ ತನ್ನ ಮೈಯನ್ನೂ ಬಿಡಲಿಲ್ಲ. ತಾನೂ ತನ್ನ ಸಂಗಡಿಗರೂ ರೋಗಿಗಳ ರಕ್ತವನ್ನು ಚುಚ್ಚಿಸಿಕೊಂಡರು, ಅವರ ಚರ್ಮದ ಹಕ್ಕಳೆ, ಮಲಮೂತ್ರಗಳನ್ನು ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದರು. ಹೆಂಡತಿ ಮೇರಿ ತಾನೂ ರಕ್ತ ಚುಚ್ಚಿಸಿಕೊಂಡಳು. ಯಾರಿಗೂ ಪೆಲಾಗ್ರ ಬರಲಿಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಆತ ಅರ್ಥಶಾಸ್ತ್ರಜ್ಞ ಎಡ್ಗರ್ ಸಿಡೆನ್‌ಸ್ಟ್ರಿಕರ್ ಜೊತೆ ದಕ್ಷಿಣ ಕೆರೊಲಿನದ ಬಟ್ಟೆ ಗಿರಣಿಯ ಹಳ್ಳಿಗಳಲ್ಲಿ ಮಾಡಿದ ಕೆಲಸ. ಮನೆಮನೆಗೆ ಹೋಗಿ ಪಗಾರ ಎಷ್ಟು, ಕಿರಾಣಿ ಏನು ಎಂದು ಲೆಕ್ಕ ಹಾಕಿದರು. ಪಗಾರ ಏರಿದಂತೆ ರೋಗ ಇಳಿಯುತ್ತಿತ್ತು. ದಕ್ಷಿಣದ ರಾಜಕಾರಣಿಗಳಿಗೆ ಇದು ಅವಮಾನವೆನಿಸಿತು. ನಮ್ಮಲ್ಲಿ ಹಸಿವಿಲ್ಲ ಎಂದು ಗದ್ದಲ ಎಬ್ಬಿಸಿದರು. ಹತ್ತಿಯೊಂದನ್ನೇ ಬೆಳೆಯುವ ಹೊಲದಲ್ಲಿ ಒಂದು ಹಸುವಿಗೂ, ಒಂದು ಕಾಯಿಪಲ್ಲೆಯ ಮಡಿಗೂ ಜಾಗವಿಲ್ಲದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ರೋಗಾಣುವಿನ ಮೇಲೆ ತಪ್ಪು ಹೊರಿಸುವುದು ಹಗುರ. ಗೋಲ್ಡ್‌ಬರ್ಗರ್ 1929ರಲ್ಲಿ ತೀರಿಕೊಂಡ. ಊಟದಲ್ಲಿ ಕೊರತೆಯಾದ ಆ ವಸ್ತು ಯಾವುದೆಂದು ತಿಳಿಯಲು ಇನ್ನೂ ಎಂಟು ವರ್ಷ ಬೇಕಾಯಿತು. 1937ರಲ್ಲಿ ವಿಸ್ಕಾನ್ಸಿನ್‌ನ ಕಾನ್ರಾಡ್ ಎಲ್ವೆಹೆಮ್ ಪೆಲಾಗ್ರದಂಥದೇ ರೋಗದಿಂದ ನಾಲಗೆ ಕಪ್ಪಾದ ನಾಯಿಗಳಿಗೆ ನಿಕೊಟಿನಿಕ್ ಆಮ್ಲ, ಅಂದರೆ ನಯಾಸಿನ್, ಕೊಟ್ಟು ಗುಣಪಡಿಸಿದ. ಬಳಿಕ ಟಾಮ್ ಸ್ಪೈಸ್ ಮತ್ತಿತರರು ಅದನ್ನೇ ಮನುಷ್ಯರಿಗೆ ಕೊಟ್ಟರು. ಹೊತ್ತುಗೊತ್ತಿಲ್ಲದೆ ಬಡಬಡಿಸುತ್ತಿದ್ದವರು ಕೆಲವೇ ದಿನಗಳಲ್ಲಿ ಮನೆಯವರ ಗುರುತು ಹಿಡಿದರು. ಜೀವಮಾನವಿಡೀ ಬೀಗ ಹಾಕಿಡಬೇಕಾದ ಹುಚ್ಚು ಎಂದುಕೊಂಡದ್ದು ಕೆಲವರಲ್ಲಿ ಊಟದ ಕೊರತೆಯಾಗಿತ್ತು.

ಈಗ ನಮ್ಮ ಕಡೆಗೆ ಬರೋಣ. ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ ಎಂದು ಹೆಮ್ಮೆ ಪಡುವ ಸೀಮೆ ನಮ್ಮದು. ಕಲಬುರಗಿ, ಬೀದರ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಕೂನೂರಿನಲ್ಲಿದ್ದ ಪೋಷಣಾ ಸಂಶೋಧನಾಲಯ 1950ರ ದಶಕದ ಕೊನೆಗೆ ಹೈದರಾಬಾದಿಗೆ ಬಂತು. ಅಲ್ಲಿನ ಆಸ್ಪತ್ರೆಗಳಲ್ಲಿ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಪೆಲಾಗ್ರ ಕಂಡರು. ಈ ರೋಗಿಗಳು ಮೆಕ್ಕೆಜೋಳ ಮುಟ್ಟಿದವರಲ್ಲ. ಡೆಕ್ಕನ್ನಿನ ಜೋಳ ಉಣ್ಣುವ ಬಡವರು. ಮಾನಸಿಕ ಆಸ್ಪತ್ರೆಗೆ ಬಂದವರಲ್ಲೂ ಪೆಲಾಗ್ರ ಇತ್ತು. ಒಗಟು ಇದ್ದದ್ದು ಇಲ್ಲಿ: ಜೋಳದಲ್ಲಿ ನಯಾಸಿನ್ ಅಕ್ಕಿಗಿಂತ ಕಡಿಮೆಯೇನಲ್ಲ. ನಮ್ಮ ದೇಹ ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲದಿಂದಲೂ, ಸುಮಾರು 60 ಮಿಲಿಗ್ರಾಮಿಗೆ ಒಂದರ ಲೆಕ್ಕದಲ್ಲಿ, ನಯಾಸಿನ್ ಮಾಡಿಕೊಳ್ಳುತ್ತದೆ. ಹಾಗಿದ್ದರೆ ಅಕ್ಕಿ ಉಣ್ಣುವವರಿಗೆ ಬಾರದ್ದು ಜೋಳ ಉಣ್ಣುವವರಿಗೇಕೆ ಬಂತು?

1960ರಲ್ಲಿ ಅವರು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬೆರಳು ತೋರಿಸಿದ್ದು ಲ್ಯೂಸಿನ್ ಕಡೆಗೆ. ಈ ಅಮೈನೊ ಆಮ್ಲ ಜೋಳದಲ್ಲಿ ಹೆಚ್ಚು. ಅದು ಟ್ರಿಪ್ಟೊಫಾನ್ ನಯಾಸಿನ್ ಆಗುವ ದಾರಿಗೆ ಅಡ್ಡ ಬರುತ್ತದೆ ಎಂಬುದು ಅವರ ವಾದ. 1965ರಲ್ಲಿ ಬೆಳವಾಡಿ ಮತ್ತು ಗೋಪಾಲನ್ ಜೋಳ ತಿನ್ನಿಸಿ ನಾಯಿಗಳ ನಾಲಗೆ ಕಪ್ಪಾಗುವುದನ್ನು ತೋರಿಸಿದರು. ಆಮೇಲೆ ಬೇರೆ ಪ್ರಯೋಗಾಲಯಗಳಲ್ಲಿ ಇದೇ ಫಲ ಸಿಗಲಿಲ್ಲ. ಜಗಳ ಪೂರ್ತಿ ಇತ್ಯರ್ಥವಾಗಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಲ್ಯೂಸಿನ್ ಪಾಲೂ ಇರಬಹುದು, ಆದರೆ ಮುಖ್ಯ ಆರೋಪಿ ಅದಲ್ಲ. ರೊಟ್ಟಿಯ ಜೊತೆ ತೊಗರಿಬೇಳೆ, ಪುಂಡಿಪಲ್ಯ, ಶೇಂಗಾಹಿಂಡಿ, ಗಟ್ಟಿ ಮಜ್ಜಿಗೆ ಇದ್ದ ಮನೆಗೆ ಪೆಲಾಗ್ರ ಕಾಲಿಡಲಿಲ್ಲ. ಮೂರು ಹೊತ್ತೂ ರೊಟ್ಟಿ, ಕೆಂಪು ಖಾರ, ಈರುಳ್ಳಿ ಇಷ್ಟೇ ಇದ್ದ ಕೂಲಿಯವನ ಮನೆಗೆ ಬಂತು. ಮಿಸಿಸಿಪಿಯ ತಟ್ಟೆಯನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಿ. ಇವತ್ತು ಜೋಳವನ್ನು ಸಿರಿಧಾನ್ಯವೆಂದು ಮಾಲ್‌ಗಳಲ್ಲಿ ಮಾರುವವರಿಗೂ, ಅಂದು ಅದರ ಮೇಲೆ ಅಪವಾದ ಹೊರಿಸಿದವರಿಗೂ ನನ್ನದು ಒಂದೇ ಮಾತು: ಧಾನ್ಯ ಒಂಟಿಯಾಗಿ ಯಾರನ್ನೂ ಸಾಕಲಿಲ್ಲ, ಕೊಲ್ಲಲೂ ಇಲ್ಲ.

ಪೆಲಾಗ್ರ ಈಗ ನಮ್ಮಲ್ಲಿ ಅಪರೂಪ. ಆದರೆ ಬುದ್ಧಿ ಮಸುಕಾಗುವುದಕ್ಕೆ ಬಿ ಗುಂಪಿನ ಇನ್ನೊಂದು ವಿಟಮಿನ್ನಿನ, ಅಂದರೆ ಬಿ12ರ, ಕೊರತೆ ಕಾರಣವಾಗುವುದು ಅಪರೂಪವಲ್ಲ. 1926ರಲ್ಲಿ ಅಮೆರಿಕದ ವೈದ್ಯರಾದ ಮಿನೊ ಮತ್ತು ಮರ್ಫಿ ಮಾರಕ ರಕ್ತಹೀನತೆಯ ರೋಗಿಗಳಿಗೆ ದಿನವೂ ಪಿತ್ತಜನಕಾಂಗ ತಿನ್ನಿಸಿ ಉಳಿಸಿದರು. ಅದರೊಳಗಿದ್ದ ಬಿ12 1948ರಲ್ಲಿ ಕೆಂಪು ಹರಳಾಗಿ ಕೈಗೆ ಸಿಕ್ಕಿತು. ಸಸ್ಯಾಹಾರದಲ್ಲಿ ಅದು ಸಿಗುವುದು ಬಹುಮಟ್ಟಿಗೆ ಹಾಲು ಮೊಸರಿನಿಂದಲೇ. ವಯಸ್ಸಾದವರ ಹೊಟ್ಟೆಯಲ್ಲಿ ಆಮ್ಲ ಕಡಿಮೆಯಾಗಿ ಅದೂ ಸರಿಯಾಗಿ ದಕ್ಕುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಎದೆಯುರಿಯ ಗುಳಿಗೆಗಳನ್ನು ವರ್ಷಾನುಗಟ್ಟಲೆ ನುಂಗಿದರೆ ಇನ್ನಷ್ಟು ಕಡಿಮೆ. ಪಾದ ಜುಮುಗುಟ್ಟುವುದು, ನಾಲಗೆ ಉರಿ, ನಡಿಗೆ ತಪ್ಪುವುದು, ಮರೆವು ಇವೆಲ್ಲ ಅದರ ಲಕ್ಷಣಗಳು.

ಹಾಗೆಂದು ಬಿ ವಿಟಮಿನ್ ಗುಳಿಗೆ ಎಲ್ಲರ ಮರೆವಿಗೂ ಮದ್ದಲ್ಲ. 2010ರ ಆಕ್ಸ್‌ಫರ್ಡ್ ಪ್ರಯೋಗದಲ್ಲಿ ಸಣ್ಣ ಮರೆವಿದ್ದ, 70 ದಾಟಿದವರಿಗೆ ಫೋಲಿಕ್ ಆಮ್ಲ, ಬಿ6, ಬಿ12 ಕೊಟ್ಟಾಗ ಮಿದುಳು ಕುಗ್ಗುವ ವೇಗ ತಗ್ಗಿತು. ರಕ್ತದಲ್ಲಿ ಹೋಮೊಸಿಸ್ಟೀನ್ ಎಂಬ ಅಮೈನೊ ಆಮ್ಲ ಹೆಚ್ಚಿದ್ದವರಿಗೆ ಲಾಭ ಹೆಚ್ಚು. 2014ರಲ್ಲಿ ಸುಮಾರು 22,000 ಜನರ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಬುದ್ಧಿಶಕ್ತಿಗೆ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ. ಕೊರತೆ ಇಲ್ಲದವರು ಗುಳಿಗೆಗೆ ಸುರಿಯುವ ದುಡ್ಡು ಅಂಗಡಿಯವನಿಗೆ ಲಾಭ. ಕೊರತೆ ಇದ್ದವರಿಗೆ ಮಾತ್ರ ಒಂದು ಸಣ್ಣ ಸೂಜಿ ದೊಡ್ಡ ಕೆಲಸ ಮಾಡೀತು, ಅದೂ ಬೇಗ ಚುಚ್ಚಿದರೆ. ತಡವಾದಷ್ಟೂ ನರಗಳಿಗೆ ಆದ ಹಾನಿ ಸರಿಹೋಗುವುದು ಕಷ್ಟ.

ಆದ್ದರಿಂದ ನಿಮ್ಮ ಮನೆಯ ಅಜ್ಜನೋ ಅವ್ವನೋ ಹೇಳಿದ್ದನ್ನೇ ಹೇಳತೊಡಗಿದರೆ ‘ಅರವತ್ತಕ್ಕೆ ಅರಳುಮರಳು’ ಎಂದು ಕೈಬಿಡಬೇಡಿ. ವೈದ್ಯರ ಬಳಿ ಕರೆದೊಯ್ದು ರಕ್ತದಲ್ಲಿ ಬಿ12 ಮತ್ತು ಥೈರಾಯ್ಡ್ ನೋಡಿಸಿ. ಹಾಗೆಯೇ ಅವರ ತಟ್ಟೆಯಲ್ಲಿ ಏನೇನಿದೆ ಎಂಬುದನ್ನೂ ಒಂದು ವಾರ ನೀವೇ ಕೂತು ನೋಡಿ, ವೈದ್ಯರಿಗೆ ಹೇಳಿ.