ವೇದನಾಶಾಮಕ ಪೆಪ್ಟೈಡುಗಳ ವಿನ್ಯಾಸ

ಅಮೈನೋ ಆಮ್ಲಗಳ ಕಿರುಸರಪಣಿಗಳನ್ನು ಉದ್ದೇಶಪೂರ್ವಕವಾಗಿ ರೂಪಿಸಿ, ನೋವು ಹಾಗೂ ಉರಿಯೂತಗಳ ಶಮನಕ್ಕೆ ಬಳಸಲೆಳಸುವ ಔಷಧರಸಾಯನದ ಶಾಖೆ. 1975ರಲ್ಲಿ ಅಬರ್ಡೀನಿನ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಜರು ಮೆದುಳಿನಿಂದ ಬೇರ್ಪಡಿಸಿದ ಎನ್‌ಕೆಫಲಿನ್, ಮಾರ್ಫೀನು ಕೂಡುವ ಗ್ರಾಹಕಗಳನ್ನೇ ಕೂಡುವುದೆಂದು ತಿಳಿದಂದಿನಿಂದ ಇದಕ್ಕೆ ಹುರುಪು ಬಂದಿತು. ಆದರೆ ಐದೇ ಅಮೈನೋ ಆಮ್ಲಗಳ ಆ ಸರಪಣಿ ರಕ್ತದ ಕಿಣ್ವಗಳಿಗೆ ತುತ್ತಾಗಿ ನಿಮಿಷಗಳಲ್ಲೇ ಛಿದ್ರವಾಗುವುದರಿಂದ ಅದನ್ನು ಇದ್ದಂತೆಯೇ ಔಷಧವಾಗಿಸುವುದು ಸಾಧ್ಯವಾಗಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಎನ್. ರಾಮಚಂದ್ರನ್ನರು ಸ್ಥಾಪಿಸಿದ ಅಣು ಜೀವಭೌತ ವಿಭಾಗದ ಪಿ. ಬಲರಾಮ್ ಮತ್ತು ಅವರ ಸಂಗಡಿಗರು, 1970ರ ದಶಕದ ಕೊನೆಯಲ್ಲಿ, ಈ ಸರಪಣಿಯ ಎರಡನೆಯ ಸ್ಥಾನದ ಗ್ಲೈಸೀನನ್ನು ತೆಗೆದು ಆಲ್ಫಾ-ಅಮೈನೋ ಐಸೊಬ್ಯುಟಿರಿಕ್ ಆಮ್ಲವನ್ನಿರಿಸಿದ ರೂಪಗಳನ್ನು ಪರಿಶೀಲಿಸಿದರು. ಒಂದೇ ಇಂಗಾಲಕ್ಕೆ ಅಂಟಿದ ಎರಡು ಮೀಥೈಲ್ ಗುಂಪುಗಳಿಂದಾಗಿ ಇದರ ಬಾಗುವ ಸ್ವಾತಂತ್ರ್ಯ ಕುಗ್ಗಿ ಸರಪಣಿ ನಿಶ್ಚಿತವಾದ ತಿರುವನ್ನು ತಾಳುವುದಲ್ಲದೆ, ಕಿಣ್ವಗಳಿಗೂ ಅದನ್ನು ಕಡಿಯುವುದು ದುಸ್ಸಾಧ್ಯವಾಗುತ್ತದೆ. ಈ ಕ್ಷೇತ್ರದ ಅತ್ಯಂತ ಸುಂದರವಾದ ಯುಕ್ತಿ ಇದೆಂದರೆ ತಪ್ಪಾಗದು. ಬಲರಾಮರು ಮುಂದೆ ಭಾರತದ ಕರಾವಳಿಯ ಶಂಕು ಬಸವನಹುಳುಗಳ ವಿಷಪೆಪ್ಟೈಡುಗಳನ್ನೂ ಅಭ್ಯಸಿಸಿದರು.

ಅಂತಹದೇ ಹುಳುವೊಂದರ ವಿಷದಲ್ಲಿ ದೊರೆತ 25 ಅಮೈನೋ ಆಮ್ಲಗಳ ಜಿಕೊನೊಟೈಡಿಗೆ 2004ರಲ್ಲಿ ಅಮೆರಿಕದ ಅನುಮತಿ ದೊರೆಯಿತಾದರೂ, ಅದನ್ನು ಬೆನ್ನುಹುರಿಯ ದ್ರವಕ್ಕೇ ಸೇರಿಸಬೇಕು. ಉರಿಯೂತಕಾರಿಯಾದ ಬ್ರಾಡಿಕೈನಿನ್ನನ್ನು ತಡೆಯುವ ಹತ್ತು ಅಮೈನೋ ಆಮ್ಲಗಳ ಐಕಾಟಿಬಂಟ್, ಆನುವಂಶಿಕ ಊತದ ರೋಗವೊಂದಕ್ಕೆ ಚರ್ಮದಡಿಯ ಚುಚ್ಚುಮದ್ದಾಗಿ ಬಳಕೆಯಲ್ಲಿದೆ.