ಹಿಮಕುಸಿತ: ಚಳಿಗಾಲದ ಮೊದಲ ಹಿಮ ಮತ್ತು ಅದರ ಅಧ್ಯಯನದ ಇತಿಹಾಸ

ಪರ್ವತದ ಇಳಿಜಾರಿನಲ್ಲಿ ಸಂಚಿತವಾದ ಹಿಮರಾಶಿಯು ತನ್ನ ಆಧಾರದಿಂದ ಕಳಚಿ ಜಾರುವುದಕ್ಕೆ ಹಿಮಕುಸಿತವೆಂದು ಹೆಸರು. ಹಿಮ ಕಡಮೆಯಿದ್ದರೆ ಭಯವೂ ಕಡಮೆಯೆಂದು ಬಯಲುಸೀಮೆಯವರಿಗೆ ತೋರುವುದು ಸಹಜವಾದರೂ, ಆಲ್ಪ್ಸ್ ಪರ್ವತಗಳಲ್ಲಿ ನಡೆದ ದೀರ್ಘ ಅಧ್ಯಯನದಿಂದ ತಿಳಿದುಬಂದುದು ಬೇರೆಯೇ: ಅಕ್ಟೋಬರ್ ನವೆಂಬರುಗಳಲ್ಲಿ ಬಿದ್ದು, ಬಿಸಿಲು ತಾಗದ ಉತ್ತರದ ಓರೆಗಳಲ್ಲಿ ಗೇಣುದ್ದ ಉಳಿದುಕೊಂಡ ಮೊದಲ ಹಿಮವೇ ಅನೇಕ ವೇಳೆ ಮುಂದಿನ ಹಿಮಕ್ಕೆಲ್ಲ ಅತ್ಯಂತ ದುರ್ಬಲವಾದ ತಳಹದಿ.

ಸ್ವಿಟ್ಜರ್ಲೆಂಡಿನ ಅರಣ್ಯಾಧಿಕಾರಿ ಯೋಹಾನ್ ಕೋಆಜ್ 1881ರಲ್ಲಿ ಆ ದೇಶದ ಹಿಮಕುಸಿತಗಳ ಮೇಲೆ ಗ್ರಂಥವನ್ನು ಪ್ರಕಟಿಸಿದಾಗ ಆತನ ಚಿಂತೆಯೆಲ್ಲ ಊರು, ದಾರಿ, ಕಾಡುಗಳದ್ದು. ಮಲೆನಾಡಿಗರು ಚಳಿಗಾಲದಲ್ಲಿ ಕಾಲಿಡದ ಓರೆಗಳನ್ನು ನಗರದವರು ಸ್ಕೀ ಕಟ್ಟಿಕೊಂಡು ವಿನೋದಕ್ಕಾಗಿ ಏರತೊಡಗಿದ ಮೇಲೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. 1897ರಲ್ಲಿ ಬೆರ್ನ್ ಪ್ರಾಂತದ ಹಿಮನದಿಗಳನ್ನು ಸ್ಕೀಗಳ ಮೇಲೆ ದಾಟಿದ ಜರ್ಮನ್ ಭೂವಿಜ್ಞಾನಿ ವಿಲ್ಹೆಲ್ಮ್ ಪೌಲ್ಕೆ, ಕಾಲಾಂತರದಲ್ಲಿ ಹಿಮವನ್ನು ಅಡ್ಡಲಾಗಿ ಕಡಿದು ಅದರ ಪದರಗಳನ್ನು ಪರಿಶೀಲಿಸಿ, ‘ತೇಲುಹಿಮ’ವೆಂಬರ್ಥದ ಜರ್ಮನ್ ಮಾತಿನಿಂದ ಕರೆಯಲ್ಪಡುತ್ತಿದ್ದ ತಳದ ಸಡಿಲ ಪದರಕ್ಕೆ ಶಾಸ್ತ್ರೀಯವಾದ ಗಮನವನ್ನು ತಂದುಕೊಟ್ಟನು.

ಈ ಪದರ ಹುಟ್ಟುವ ಬಗೆ ವಿಚಿತ್ರವಾದುದು. ಹಿಮದ ಹೊದಿಕೆಯಡಿ ನೆಲ ಸುಮಾರು 0 ಡಿಗ್ರಿಯಲ್ಲಿರುತ್ತದೆ; ಮೇಲ್ಮೈ −15 ಡಿಗ್ರಿಗೆ ಇಳಿದಾಗ, ಹಿಮದ ದಪ್ಪ ಎರಡು ಮೀಟರಾದರೆ ಮೀಟರಿಗೆ ಏಳೂವರೆ ಡಿಗ್ರಿಯಷ್ಟು ಮಾತ್ರ ಅಂತರ, ಅರ್ಧ ಮೀಟರಾದರೆ ಮೂವತ್ತು. ಈ ಅಂತರ ಹತ್ತನ್ನು ಮೀರಿದರೆ ನೀರಾವಿಯು ಕೆಳಗಿನ ಕಣಗಳಿಂದೆದ್ದು ಮೇಲಿನವುಗಳ ಮೇಲೆ ಹೆಪ್ಪುಗಟ್ಟುತ್ತ, ವಾರಗಳಲ್ಲಿ ಬಟ್ಟಲಿನಾಕಾರದ, ಗೀರುಗೀರಾದ ಹರಳುಗಳನ್ನು ಬೆಳೆಸುತ್ತದೆ. ಅಂಗೈಗೆ ತೆಗೆದುಕೊಂಡು ಮುಷ್ಟಿ ಕಟ್ಟಿದರೆ ಉಂಡೆಯಾಗದೆ ದಪ್ಪ ಸಕ್ಕರೆಯಂತೆ ಬೆರಳ ಸಂದಿನಿಂದ ಸುರಿದುಹೋಗುವ ಈ ಹರಳುಗಳ ಮೇಲೆಯೇ ಡಿಸೆಂಬರಿನ ಭಾರವಾದ ಹಿಮ ಬಂದು ಕೂರಬೇಕು!

ಋತುವಿನ ಆರಂಭದಲ್ಲಿಯೇ ವಿಪರೀತ ಹಿಮ ಬಿದ್ದರೂ ಅಪಾಯವೇ. 1916ರ ಡಿಸೆಂಬರ್ 13ರಂದು ಇಟಲಿಯ ಯುದ್ಧರಂಗದ ಮಾರ್ಮೊಲಾಡಾ ಪರ್ವತದಲ್ಲಿ ಆಸ್ಟ್ರಿಯಾ-ಹಂಗೆರಿಯ ಸೈನಿಕರ ಬಿಡಾರದ ಮೇಲೆ ಹಿಮ ಕುಸಿದು ಇನ್ನೂರಕ್ಕೂ ಹೆಚ್ಚು ಮಂದಿ ಮಡಿದರು.

ಸ್ವಿಟ್ಜರ್ಲೆಂಡಿನ ದಾವೋಸ್ ಪಟ್ಟಣದ ಮೇಲಿನ ವೈಸ್‌ಫ್ಲೂಯೋಖಿನಲ್ಲಿ 1936ರಲ್ಲಿ ಕಟ್ಟಿದ ಪುಟ್ಟ ಪ್ರಯೋಗಶಾಲೆಯೇ ಮುಂದೆ ಸ್ವಿಸ್ ಹಿಮಸಂಶೋಧನ ಸಂಸ್ಥೆಯಾಗಿ ಬೆಳೆಯಿತು. 1939ರಲ್ಲಿ ಅಲ್ಲಿನ ಸಂಶೋಧಕರಾದ ಬಾಡರ್, ಹೇಫೆಲಿ ಮೊದಲಾದವರು ಹಿಮದ ರೂಪಾಂತರವನ್ನು ಕುರಿತು ಬರೆದ ಗ್ರಂಥ ಈ ಶಾಸ್ತ್ರಕ್ಕೆ ಬುನಾದಿಯೆನ್ನಬಹುದು. ಅಮೆರಿಕದ ಎಡ್ವರ್ಡ್ ಲಷಪೆಲ್ ದಾವೋಸಿನಲ್ಲಿ ಕಲಿತು, ಈ ವಿದ್ಯೆಯನ್ನು ಯೂಟಾದ ಆಲ್ಟಾಕ್ಕೆ ಒಯ್ದನು. ಐದು ಮಟ್ಟಗಳ ಯುರೋಪಿಯನ್ ಅಪಾಯಸೂಚಿ ಬಂದುದು 1993ರಲ್ಲಿ.

ಹೂತವರ ಆಯುಷ್ಯ ನಿಮಿಷಗಳದ್ದೆಂಬುದನ್ನು ಸ್ವಿಸ್ ದಾಖಲೆಗಳ ಆಧಾರದ ಮೇಲೆ 1994ರಲ್ಲಿ ತೋರಿಸಲಾಯಿತು: ಹದಿನೈದು ನಿಮಿಷದೊಳಗೆ ತೆಗೆದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಬದುಕುತ್ತಾರೆ, ಮೂವತ್ತೈದು ನಿಮಿಷ ಕಳೆದರೆ ಸುಮಾರು ಮೂವತ್ತು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಹಿಮದಡಿಯಿಂದ ಆರು ದಿನಗಳ ಬಳಿಕ ಜೀವಂತವಾಗಿ ಹೊರಬಂದು, ಮೂರನೆಯ ದಿನ ದೆಹಲಿಯಲ್ಲಿ ತೀರಿಕೊಂಡ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರದು ಈ ಲೆಕ್ಕಕ್ಕೆ ಸಿಗದ ಅಪವಾದ.

ಶೋಧಕ ರೇಡಿಯೊ, ಕೋಲು, ಸಲಿಕೆ ಈ ಮೂರನ್ನು ಇಂದಿನ ಪಯಣಿಗರು ಒಯ್ಯುತ್ತಾರೆ. ಆದರೆ ಋತ್ವಾರಂಭದಲ್ಲಿ ತೆಳುಹಿಮದಡಿ ಬಂಡೆಗಳೂ ಮರದ ಬುಡಗಳೂ ಅವಿತಿರುವುದರಿಂದ ಸಣ್ಣ ಕುಸಿತವೂ ಹೂಳದೆಯೇ ಜಜ್ಜಿ ಕೊಲ್ಲಬಲ್ಲುದು. ಆದುದರಿಂದ ಅನುಭವಿಗಳು ಮೂವತ್ತು ಡಿಗ್ರಿಗಿಂತ ಕಡಿದಾದ ನೆರಳಿನ ಓರೆಗಳನ್ನು ಬಿಟ್ಟು ನಡೆಯುತ್ತಾರೆ. ಕಾಲೂರಿದೊಡನೆ ಒಳಗಿನ ಪದರ ಕುಸಿದು ‘ಧುಮ್ಮ್’ ಎಂದು ಕೇಳಿಸಿದರೆ, ಶಿಖರ ಎಷ್ಟೇ ಸಮೀಪವಿದ್ದರೂ, ಬಂದ ಹೆಜ್ಜೆಗುರುತಿನಲ್ಲಿಯೇ ಹಿಂದಿರುಗುತ್ತಾರೆ.