ಬ್ಯಾಟರಿ ಕೇಬಲ್ ಲಗ್: ಕ್ರಿಂಪ್ ಮತ್ತು ಬೆಸುಗೆ

ಮನೆಯ ಸೌರ ವ್ಯವಸ್ಥೆಯಲ್ಲಿ ಬ್ಯಾಟರಿಯನ್ನು ಇನ್ವರ್ಟರಿಗೆ ಕೂಡಿಸುವ ದಪ್ಪ ಕೇಬಲ್ಲಿನ ತುದಿಗೆ ಹಾಕುವ ತಾಮ್ರದ ಜೋಡುತುಣುಕು ಲಗ್. ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಥಿಂಬಲ್. ಇದರ ಒಂದು ಕಡೆ ಕೇಬಲ್ಲಿನ ಎಳೆಗಳು ಹೋಗುವ ಕೊಳವೆ, ಇನ್ನೊಂದು ಕಡೆ ಬೋಲ್ಟು ಹಾಯುವ ತೂತಿರುವ ಚಪ್ಪಟೆ ನಾಲಗೆ. ಕೊಳವೆಯನ್ನು ಎಳೆಗಳ ಮೇಲೆ ಅದುಮಿ ಕೂರಿಸಿದರೆ ಕ್ರಿಂಪ್. ಒಳಗೆ ತವರ-ಸೀಸದ ಮಿಶ್ರಲೋಹ ಕರಗಿಸಿ ಹಿಡಿಸಿದರೆ ಬೆಸುಗೆ. ಮನೆಯ ಬ್ಯಾಟರಿಗೆ ಸರಿಯಾದ ಸಾಧನದಿಂದ ಮಾಡಿದ ಕ್ರಿಂಪೇ ಮೇಲು. ಆದರೆ ಸುತ್ತಿಗೆಯಲ್ಲಿ ಜಜ್ಜಿದ್ದನ್ನು ಯಾರೂ ಕ್ರಿಂಪ್ ಎಂದು ಕರೆಯಬಾರದು.

ಇಷ್ಟು ಸಣ್ಣ ತುಣುಕಿಗೆ ಇಷ್ಟು ಮಹತ್ವ ಬಂದದ್ದು ಪ್ರವಾಹದಿಂದ. 2000 ವ್ಯಾಟ್ ಹೊರೆಗೆ 230 ವೋಲ್ಟಿನಲ್ಲಿ 9 ಆಂಪಿಯರ್ ಸಾಕು. ಅದನ್ನೇ 12 ವೋಲ್ಟಿನ ಬ್ಯಾಟರಿಯಿಂದ ಎಳೆದರೆ ಸುಮಾರು 167 ಆಂಪಿಯರ್ ಬೇಕು, ಇನ್ವರ್ಟರಿನ ನಷ್ಟ ಬೇರೆ. 24 ವೋಲ್ಟಿಗೆ ಇದರ ಅರ್ಧ, 48ಕ್ಕೆ ಕಾಲು ಭಾಗ. ಜೋಡಣೆಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದೇ ಒಂದು ಮಿಲಿಓಮ್ ರೋಧವಿದ್ದರೂ 150 ಆಂಪಿಯರಿಗೆ 22.5 ವ್ಯಾಟ್ ಶಾಖ ಆ ಒಂದು ಬಿಂದುವಿನಲ್ಲೇ ಉಳಿಯುತ್ತದೆ. ರೇಡಿಯೊ ರಿಪೇರಿಯ ಸೋಲ್ಡರಿಂಗ್ ಐರನ್ ಕಾಯುವುದು ಹೆಚ್ಚುಕಡಿಮೆ ಇಷ್ಟೇ ಶಕ್ತಿಯಲ್ಲಿ. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆ ಕರ್ನಾಟಕದ ಹಳ್ಳಿಗಳಿಗೆ ಒಯ್ದಂಥ ಸೌರದೀಪಗಳಲ್ಲಿ ಹರಿಯುವುದು ಕೆಲವೇ ಆಂಪಿಯರ್. ಮಿಕ್ಸಿ, ಫ್ರಿಜ್, ನೀರಿನ ಪಂಪು ಬ್ಯಾಟರಿಯ ಮೇಲೆ ಬಂದಮೇಲೆ ಲಗ್ಗಿನ ಪ್ರಶ್ನೆ ಗಂಭೀರವಾಯಿತು.

ಕ್ರಿಂಪ್ ಎಂದರೆ ಬರೀ ಬಿಗಿಹಿಡಿತವಲ್ಲ. ಸಾಕಷ್ಟು ಒತ್ತಡ ಬಿದ್ದಾಗ ತಾಮ್ರ ತನ್ನ ಆಕಾರ ಬಿಟ್ಟು ಹರಿಯುತ್ತದೆ, ಮೇಲ್ಮೈಯ ಆಕ್ಸೈಡ್ ಪದರ ಒಡೆದು ಲೋಹಕ್ಕೆ ಲೋಹ ನೇರ ತಾಗುತ್ತದೆ, ಎಳೆಗಳ ನಡುವಿನ ಗಾಳಿ ಹೊರಟುಹೋಗುತ್ತದೆ. ಒಳ್ಳೆಯ ಕ್ರಿಂಪನ್ನು ಅಡ್ಡ ಕತ್ತರಿಸಿ ಉಜ್ಜಿ ನೋಡಿದರೆ ದುಂಡಗಿದ್ದ ಎಳೆಗಳು ಜೇನುಗೂಡಿನ ಕೋಶಗಳಂತೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಅಲ್ಲಿಗೆ ತೇವ, ಬ್ಯಾಟರಿಯ ಆಮ್ಲದ ಆವಿ ನುಗ್ಗಲು ದಾರಿಯಿಲ್ಲ. ವಿದ್ಯುತ್ ಕೇಬಲ್ ಜೋಡಣೆಗಳ ಐಇಸಿ 61238-1 ಮಾನದಂಡ ಇಂಥವನ್ನು 1000 ಸಲ ಬಿಸಿ ಮಾಡಿ ಆರಿಸಿ ಪರೀಕ್ಷಿಸುತ್ತದೆ.

ಈ ಗುಣವೆಲ್ಲ ನಿಂತಿರುವುದು ಕೊಳವೆಯನ್ನು ಅದುಮುವ ಅಚ್ಚು, ಅಂದರೆ ಡೈ ಮೇಲೆ. ಜರ್ಮನಿಯ ಡಿಐಎನ್ 46235 ಮಾದರಿಯ ಲಗ್ಗಿನ ಮೈಮೇಲೆ ಯಾವ ಡೈ ಬೇಕೆಂಬ ಸಂಖ್ಯೆಯೇ ಅಚ್ಚಾಗಿರುತ್ತದೆ. 35 ಚದರ ಮಿಮೀ ಕೇಬಲ್ಲಿನ ಲಗ್ಗಿಗೆ 12. ಅಂಗಡಿಯ ಅಗ್ಗದ ಲಗ್ಗುಗಳ ಗೋಡೆ ಇದಕ್ಕಿಂತ ತೆಳು, ಅಗ್ಗದ ಹೈಡ್ರಾಲಿಕ್ ಟೂಲಿನ ಡೈ ಮೇಲೆ ಕೊರೆದ ಅಳತೆಯನ್ನೂ ಪೂರ್ತಿ ನಂಬುವಂತಿಲ್ಲ. ಡೈ ದೊಡ್ಡದಾದರೆ ಒಳಗೆ ಟೊಳ್ಳು ಉಳಿಯುತ್ತದೆ. ಚಿಕ್ಕದಾದರೆ ಅಂಚಿನಲ್ಲಿ ತಾಮ್ರ ರೆಕ್ಕೆಯಂತೆ ಚಾಚಿ ಎಳೆಗಳು ತುಂಡಾಗುತ್ತವೆ. ಒಂದು ಲಗ್ಗನ್ನು ಬಲಿಕೊಟ್ಟು ಹ್ಯಾಕ್ಸಾದಲ್ಲಿ ಕೊಯ್ದು ನೋಡುವುದು ದುಂದಲ್ಲ. ಇಕ್ಕಳ, ಉಳಿ, ಸುತ್ತಿಗೆಗಳಿಂದ ಆದ ಜೋಡಣೆ ಹೊರಗಿನಿಂದ ಗಟ್ಟಿಯಾಗಿ ಕಂಡರೂ ಒಳಗೆ ಸಡಿಲ; ಜಗ್ಗಿದರೆ ಕೇಬಲ್ ಕೈಗೇ ಬರಬಹುದು.

ಬೆಸುಗೆಯ ಮೇಲಿನ ಒಂದು ಆರೋಪ ಅನ್ಯಾಯದ್ದು. ಬೆಸುಗೆ ಲೋಹದ ವಾಹಕತೆ ತಾಮ್ರದ ಸುಮಾರು ಒಂಬತ್ತನೇ ಒಂದು ಭಾಗ, ನಿಜ. ಆದರೆ ಕೊಳವೆಯೊಳಗೆ ಅದು ತೆಳುವಾಗಿ, ವಿಶಾಲವಾಗಿ ಹರಡುವುದರಿಂದ ರೋಧ ನಗಣ್ಯ. ತೊಂದರೆ ಬೇರೆ ಕಡೆ ಇದೆ. ಕರಗಿದ ಲೋಹ ಎಳೆಗಳ ನಡುವೆ ಹೀರಿಕೊಂಡು ಹೊದಿಕೆಯೊಳಕ್ಕೆ ಏರುತ್ತದೆ. ಅಷ್ಟು ಉದ್ದ ಕೇಬಲ್ ಸರಳಿನಂತೆ ಬಿರುಸಾಗಿ, ಬಾಗಿದಾಗಲೆಲ್ಲ ಒತ್ತಡ ಆ ಗಡಿಯಲ್ಲೇ ಬಿದ್ದು ಎಳೆಗಳು ಒಂದೊಂದಾಗಿ ಮುರಿಯುತ್ತವೆ. ತವರ-ಸೀಸ 183 ಡಿಗ್ರಿಗೆ ಕರಗತೊಡಗುತ್ತದೆ, ತಾಮ್ರ 1085ಕ್ಕೆ. ಬೋಲ್ಟು ಸಡಿಲವಾಗಿ ಲಗ್ ಕಾದರೆ ಕ್ರಿಂಪು ಕೇಬಲ್ಲನ್ನು ಹಿಡಿದೇ ಇರುತ್ತದೆ, ಬೆಸುಗೆ ಕೈಬಿಡಬಹುದು. ಅಷ್ಟು ಹೊತ್ತಿಗೆ ಪಿವಿಸಿ ಹೊದಿಕೆ ಸುಟ್ಟಿರುತ್ತದೆ ಎಂಬುದು ಸಮಾಧಾನದ ಮಾತೇನಲ್ಲ. ದಪ್ಪ ಲಗ್ಗಿಗೆ ಸಣ್ಣ ಐರನ್ನಿನ ಶಾಖ ಸಾಲದು, ಗ್ಯಾಸ್ ಟಾರ್ಚ್ ಬೇಕು. ಲೆಡ್-ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಅದು ಶೇಕಡಾ 4 ಇದ್ದರೂ ಹೊತ್ತಿಕೊಳ್ಳುತ್ತದೆ. ಹಾಗಾಗಿ ಟಾರ್ಚಿನ ಕೆಲಸವನ್ನು ಆ ಕೋಣೆಯಲ್ಲಿ ಮಾಡಲೇಬಾರದು. ಆಮ್ಲೀಯ ಫ್ಲಕ್ಸ್ ಬಳಸಿ ಒಳಗೆ ಉಳಿಸಿದರೆ ಅದೇ ತಾಮ್ರವನ್ನು ತಿನ್ನುತ್ತದೆ.

ಹಾಗೆಂದು ಬೆಸುಗೆ ನಿಷಿದ್ಧವಲ್ಲ. ಅಮೆರಿಕದ ದೋಣಿಗಳ ವೈರಿಂಗಿಗೆ ಎಬಿವೈಸಿ ಎಂಬ ಸಂಸ್ಥೆ ರೂಪಿಸಿದ ಇ-11 ಮಾನದಂಡ ಬೆಸುಗೆಯೊಂದನ್ನೇ ನೆಚ್ಚಿಕೊಳ್ಳಬೇಡಿ ಎನ್ನುತ್ತಲೇ, ಬೆಸುಗೆಯ ಉದ್ದ ವಾಹಕದ ವ್ಯಾಸದ ಒಂದೂವರೆ ಪಟ್ಟಿಗೆ ಕಡಿಮೆಯಿಲ್ಲದ ಬ್ಯಾಟರಿ ಲಗ್ಗಿಗೆ ವಿನಾಯಿತಿ ಕೊಡುತ್ತದೆ. ಅಲುಗಾಡದ ಜಾಗದಲ್ಲಿ, ಅನುಭವಿ ಕೈಯ ಬೆಸುಗೆ ಕೆಟ್ಟ ಕ್ರಿಂಪಿಗಿಂತ ಎಷ್ಟೋ ವಾಸಿ. ಕ್ರಿಂಪ್ ಮಾಡಿ ಮೇಲೆ ಬೆಸುಗೆಯನ್ನೂ ಹಾಕುವ ರೂಢಿ ಮಾತ್ರ ವ್ಯರ್ಥ. ಕ್ರಿಂಪ್ ಸರಿಯಿದ್ದರೆ ಒಳಗೆ ಲೋಹ ಹೋಗಲು ಜಾಗವೇ ಇರುವುದಿಲ್ಲ, ಎಳೆಗಳ ಬಿರುಸು ಮಾತ್ರ ಉಳಿಯುತ್ತದೆ.

ಯಾವ ಜೋಡಣೆಯನ್ನಾದರೂ ಮಲ್ಟಿಮೀಟರಿನಿಂದ ಪರೀಕ್ಷಿಸಬಹುದು. 35 ಚದರ ಮಿಮೀ ತಾಮ್ರದ ಕೇಬಲ್ಲಿನಲ್ಲಿ 100 ಆಂಪಿಯರ್ ಹರಿದಾಗ ಮೀಟರಿಗೆ ಸುಮಾರು 55 ಮಿಲಿವೋಲ್ಟ್ ಇಳಿಯುತ್ತದೆ, 5 ಸೆಂಟಿಮೀಟರಿಗೆ 3ರ ಹತ್ತಿರ. ಲಗ್ಗಿನ ಆಚೀಚೆ ಕಾಣುವ ಇಳಿತವೂ ಅದೇ ಆಸುಪಾಸಿನಲ್ಲಿರಬೇಕು. ಹತ್ತಾರು ಮಿಲಿವೋಲ್ಟ್ ತೋರಿಸಿದರೆ ಲಗ್ ಕತ್ತರಿಸಿ ಹೊಸದು ಹಾಕಬೇಕು. ಬೋಲ್ಟಿನ ಕಡೆಯ ತಪ್ಪುಗಳೂ ಕಡಿಮೆಯಿಲ್ಲ. ಲಗ್ ನೇರವಾಗಿ ಬ್ಯಾಟರಿ ಟರ್ಮಿನಲ್ ಮೇಲೆ ಕೂರಬೇಕು. ನಡುವೆ ಸ್ಟೀಲ್ ವಾಷರ್ ಇಟ್ಟರೆ ಎಷ್ಟು ಒಳ್ಳೆಯ ಕ್ರಿಂಪೂ ಉಪಯೋಗಕ್ಕಿಲ್ಲ.

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುನ್ನ ಉಂಗುರ, ಬಳೆ ತೆಗೆದಿಡಿ, ಪಾಸಿಟಿವ್ ತುದಿಯ ಹತ್ತಿರ ಫ್ಯೂಸ್ ಇದೆಯೇ ನೋಡಿ. 150 ಆಂಪಿಯರ್-ಅವರಿನ ಬ್ಯಾಟರಿಯ ಎರಡು ತುದಿಗಳನ್ನು ಒಂದು ಸ್ಪ್ಯಾನರ್ ಕೂಡಿಸಿದರೆ ಸಾವಿರಕ್ಕೂ ಮಿಕ್ಕಿ ಆಂಪಿಯರ್ ಹರಿಯುತ್ತದೆ.